ಗಟ್ಟಿ ಕಾಲರ್ ಎಲ್ಲ ಗಾಯಾಳುಗಳಿಗೂ ಅಲ್ಲ: ಒಂದು ಸ್ಪಷ್ಟನೆ

ರಸ್ತೆ ಅಪಘಾತದಲ್ಲಿ ಬಿದ್ದವರಿಗೆ ಮೊದಲು ಕುತ್ತಿಗೆಗೆ ಗಟ್ಟಿ ಕಾಲರ್ ಹಾಕಬೇಕು, ಅದಿಲ್ಲದಿದ್ದರೆ ಟವೆಲನ್ನಾದರೂ ಬಿಗಿಯಾಗಿ ಸುತ್ತಬೇಕು, ಆಗ ಬೆನ್ನುಹುರಿ ಸುರಕ್ಷಿತ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ, ಟವೆಲ್ ಬಿಗಿಯುವ ಸಲಹೆಯಂತೂ ಅಪಾಯಕಾರಿ.

ಕಾಲರ್ ಕುತ್ತಿಗೆಯ ಚಲನೆಯನ್ನು ಕಡಿಮೆ ಮಾಡುತ್ತದೆಯೇ ಹೊರತು ಪೂರ್ತಿ ನಿಲ್ಲಿಸುವುದಿಲ್ಲ. ಗದ್ದಕ್ಕೂ ಎದೆಗೂ ನಡುವೆ ಬಿಗಿದು ಕೂರುವ ಅದು ಕುತ್ತಿಗೆಯ ರಕ್ತನಾಳಗಳನ್ನು ಒತ್ತಿ, ಮಿದುಳಿನಿಂದ ರಕ್ತ ಕೆಳಗಿಳಿಯಲು ಅಡ್ಡಿಯಾಗುವುದರಿಂದ, ತಲೆಗೂ ಪೆಟ್ಟಾಗಿದ್ದರೆ ಬುರುಡೆಯೊಳಗಿನ ಒತ್ತಡವನ್ನು ಹೆಚ್ಚಿಸಬಲ್ಲದು. ವಾಂತಿಯಾದಾಗ ಬಾಯಿ ಸರಿಯಾಗಿ ತೆರೆಯಲಾಗದೆ ಉಸಿರು ಕಟ್ಟುವ ಭಯವೂ ಇದೆ. ಬೆನ್ನುಮೂಳೆಯ ಕೀಲುಗಳು ಬೆಸೆದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಕಾಯಿಲೆಯಿಂದ ಬಾಗಿ ಸೆಟೆದುಹೋದ ಕುತ್ತಿಗೆಯನ್ನು ಕಾಲರ್‌ಗೆ ಹೊಂದಿಸಲು ನೆಟ್ಟಗೆ ಮಾಡಹೋದರೆ, ಅದುವರೆಗೆ ಪೆಟ್ಟಾಗದೆ ಉಳಿದಿದ್ದ ಬೆನ್ನುಹುರಿಗೇ ಹಾನಿಯಾದೀತು. ಪ್ರಥಮ ಚಿಕಿತ್ಸೆ ನೀಡುವವರು ಕಾಲರ್ ಅನ್ನು ವಾಡಿಕೆಯಂತೆ ಬಳಸಬಾರದೆಂದು ತುರ್ತು ಜೀವರಕ್ಷಣೆಯ ಬಗ್ಗೆ ಶಿಫಾರಸು ನೀಡುವ ಇಲ್ಕಾರ್ ಎಂಬ ಅಂತರರಾಷ್ಟ್ರೀಯ ಸಮಿತಿಯು 2015ರಲ್ಲೇ ಸೂಚಿಸಿದೆ.

ಹಾಗೆಂದು ಕಾಲರ್ ನಿಷ್ಪ್ರಯೋಜಕವೆಂಬ ಇನ್ನೊಂದು ತುದಿಯ ವಾದವನ್ನೂ ಒಪ್ಪಲಾಗದು. ತರಬೇತಿ ಪಡೆದ ಸಿಬ್ಬಂದಿ ಗಾಯದ ಲಕ್ಷಣ ನೋಡಿ ಅದನ್ನು ಬಳಸುತ್ತಾರೆ, ಸಿ.ಟಿ. ಸ್ಕ್ಯಾನ್ ಆದ ಮೇಲೆ ಇಡಬೇಕೋ ತೆಗೆಯಬೇಕೋ ಎಂಬುದು ವೈದ್ಯರ ತೀರ್ಮಾನ.

ದಾರಿಹೋಕರು 108ಕ್ಕೆ ಕರೆ ಮಾಡಿ, ಗಾಯಾಳುವಿಗೆ ಅಲುಗಾಡದಂತೆ ಹೇಳಿ, ತಲೆಯ ಎರಡೂ ಬದಿಗೆ ಅಂಗೈಯಿಟ್ಟು ಇದ್ದ ಸ್ಥಿತಿಯಲ್ಲೇ ಹಿಡಿದುಕೊಂಡಿದ್ದರೆ ಸಾಕು. ಉಸಿರಾಟವೇ ನಿಂತಿದ್ದರೆ ಮಾತ್ರ ಕುತ್ತಿಗೆಯ ಚಿಂತೆಗಿಂತ ಎದೆ ಒತ್ತುವುದು ಮೊದಲು.