ಅಟ್ಟದ ಮೇಲಿದ್ದ ಚರಂಡಿ

ಹೋದ ತಿಂಗಳು ಮನೆಗೆ ಸುಣ್ಣ ಬಳಿಸೋಣ ಅಂತ ಅಟ್ಟದ ಸಾಮಾನೆಲ್ಲ ಇಳಿಸುತ್ತಿದ್ದೆವು. ಹಳೇ ಪಂಪ್‌ಸೆಟ್ಟಿನ ಸ್ಟಾರ್ಟರ್, ಮಗಳ ತೊಟ್ಟಿಲು, ತೂತು ಬಿದ್ದ ಕೊಳಗ. ಅದರ ಹಿಂದೆ ಒಂದು ರೆಕ್ಸಿನ್ ಬ್ಯಾಗ್. ಒಳಗೆ ಕೆಂಪು ದಾರ ಕಟ್ಟಿದ ಕಡತ. ಬಿಚ್ಚಿ ನೋಡಿದರೆ ನಮ್ಮ ಕೆಳಗಿನ ಬೀದಿಯ ಚರಂಡಿ! ಅಂದಾಜು ಪಟ್ಟಿ, ನಕ್ಷೆ, ಸಭೆಯ ನಡವಳಿಯ ನಕಲು, ಕೆಲಸಕ್ಕೆ ಮುಂಚಿನ ನಾಲ್ಕು ಫೋಟೋ. ಇಸವಿ 2018.

ಬೆವರು ಕಿತ್ತುಕೊಂಡು ಬಂತು. ಯಾಕೆಂದರೆ ಇದೇ ಕಡತಕ್ಕಾಗಿ ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ಮಾಹಿತಿ ಹಕ್ಕು ಕಾಯ್ದೆಯಲ್ಲಿ (ಆರ್‌ಟಿಐ) ಅರ್ಜಿ ಹಾಕಿದ್ದರು. 'ಕಡತ ಲಭ್ಯವಿರುವುದಿಲ್ಲ' ಅಂತ ಪಂಚಾಯ್ತಿಯಿಂದ ಒಂದು ಸಾಲಿನ ಉತ್ತರ ಬಂದಿತ್ತು. ಅವತ್ತು ಟೀ ಅಂಗಡಿ ಮುಂದೆ ಆ ಕಾಗದ ಹಿಡಿದುಕೊಂಡು ಅಧಿಕಾರಿಗಳನ್ನು ಎಲ್ಲರಿಗಿಂತ ಜಾಸ್ತಿ ಬೈದವನು ನಾನೇ.

2015ರಿಂದ 2020ರವರೆಗೆ ನಾನು ಗ್ರಾಮ ಪಂಚಾಯ್ತಿ ಸದಸ್ಯ. ಮದ್ದೂರು ಕಡೆಯ ಊರು. ಆ ಕಡತ ಮನೆಗೆ ಹೇಗೆ ಬಂತು ಅಂತ ಈಗ ನೆನಪಾಗುತ್ತಿದೆ. ತಾಲ್ಲೂಕು ಪಂಚಾಯ್ತಿಗೆ ಹೋಗಿ ತೋರಿಸಿಕೊಂಡು ಬರ್ತೀನಿ ಅಂತ ನಾನೇ ಎತ್ತಿಕೊಂಡು ಹೋಗಿದ್ದೆ. ಅವತ್ತು ಸಾಹೇಬರು ಸಿಗಲಿಲ್ಲ. ಮಾರನೆಯ ದಿನ ನಾಲೆಗೆ ನೀರು ಬಿಟ್ಟರು, ಗದ್ದೆ ಕಡೆ ಹೋದೆ. ಬ್ಯಾಗ್ ಅಟ್ಟ ಸೇರಿತು. ಕಳ್ಳತನ ಅಲ್ಲ, ದುರುದ್ದೇಶವೂ ಇಲ್ಲ. ಆದರೆ ಮೇಷ್ಟ್ರಿಗೆ ಅದರಿಂದ ಏನು ವ್ಯತ್ಯಾಸ?

ನಾವು ಸದಸ್ಯರು ಪಂಚಾಯ್ತಿ ಕಾಗದವನ್ನು ನಮ್ಮ ಸ್ವಂತ ಆಸ್ತಿ ಅಂದುಕೊಂಡುಬಿಟ್ಟಿದ್ದೇವೆ. ವೋಟು ಹಾಕಿ ಗೆಲ್ಲಿಸಿದರು, ನಮ್ಮ ವಾರ್ಡಿನ ಕೆಲಸ, ನಮ್ಮ ಫೈಲು. ಕಡತ ಕಾಯೋದು ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯ ಕೆಲಸ, ನಮ್ಮದೇನಿದ್ದರೂ ಸಹಿ. ಅಲ್ವಾ? ಕಾನೂನೂ ಒಂದು ಲೆಕ್ಕಕ್ಕೆ ಹಾಗೇ ಇದೆ. ಮಾಹಿತಿ ಕೊಡಬೇಕಾದವರು ಪಿಡಿಒ. 30 ದಿನದೊಳಗೆ ಕೊಡಬೇಕು. ಸರಿಯಾದ ಕಾರಣ ಇಲ್ಲದೆ ತಡ ಮಾಡಿದರೆ ದಿನಕ್ಕೆ 250 ರೂಪಾಯಿ ದಂಡ, 25,000ದವರೆಗೂ ಹೋಗಬಹುದು. ಕೇಳಿದ ಮೇಲೆ ಕಾಗದ ನಾಶ ಮಾಡಿದರೂ ದಂಡ ಇದೆ. ಎಲ್ಲ ಅವರ ಜೇಬಿನಿಂದ. ಕಡತ ಮನೆಗೆ ಒಯ್ದವನು ನಾನು. ಆಮೇಲೆ ಮೂರು ಜನ ಪಿಡಿಒ ಬದಲಾಗಿದ್ದಾರೆ. ಈಗಿರುವ ಹೆಣ್ಣುಮಗಳು ಆ ಕಡತವನ್ನು ಕಣ್ಣಲ್ಲೂ ಕಂಡಿಲ್ಲ.

ಮೇಷ್ಟ್ರು ಬಿಡುವ ಆಸಾಮಿ ಅಲ್ಲ. ಅರ್ಜಿ 150 ಪದ ಮೀರಬಾರದು ಅಂತ ನಮ್ಮ ರಾಜ್ಯದ ನಿಯಮ ಇದೆಯಲ್ಲ, ಒಂದೊಂದೇ ಪದ ಎಣಿಸಿ ಬರೆದಿದ್ದರಂತೆ. 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿದ್ದರು. ಉತ್ತರ ಬಂದ ದಿನ ಅವರು ನನಗೆ ಹೇಳಿದ್ದು ಇಷ್ಟೇ: "ಅಲ್ಲ ಕಣಪ್ಪಾ, ಕಾಯ್ದೆಯ 8ನೇ ಸೆಕ್ಷನ್‌ನಲ್ಲಿ ಯಾವ್ಯಾವ ಮಾಹಿತಿ ಕೊಡಬೇಕಾಗಿಲ್ಲ ಅಂತ ಪಟ್ಟಿ ಇದೆ. ಕಳೆದುಹೋಗಿದೆ ಅನ್ನೋದು ಅದರಲ್ಲಿ ಎಲ್ಲಿದೆ ತೋರಿಸು." ನಿಜವಾಗಿಯೂ ಇಲ್ಲ. ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ, ಒಂದು ಕಾಲಕ್ಕೆ ಇದ್ದ ದಾಖಲೆ ಸಿಗುತ್ತಿಲ್ಲ ಅಂದರೆ ಸರಿಯಾಗಿ ಹುಡುಕಬೇಕು, ಯಾರ ಕೈಯಲ್ಲಿ ಹೋಯಿತು ಅಂತ ವಿಚಾರಣೆಯೂ ಆಗಬೇಕು ಅಂತ. ಸುಮ್ನೆ 'ಲಭ್ಯವಿಲ್ಲ' ಅಂತ ಸೀಲು ಹೊಡೆದು ಕಳಿಸುವ ಹಾಗಿಲ್ಲ.

ಹಾಗಂತ ಎಲ್ಲ ಕಾಗದವನ್ನೂ ಕೊನೆತನಕ ಇಟ್ಟುಕೊಂಡು ಕೂರಬೇಕಾಗಿಲ್ಲ. ಸರ್ಕಾರಿ ಕಡತಕ್ಕೆ ಎ, ಬಿ, ಸಿ, ಡಿ, ಇ ಅಂತ ವರ್ಗ ಇದೆ. ಎ ಅಂದರೆ ಶಾಶ್ವತ. ಕೆಳಗೆ ಬರುತ್ತಾ ವರ್ಷ ಕಡಿಮೆ. ಅವಧಿ ಮುಗಿದದ್ದನ್ನು ಪಟ್ಟಿ ಮಾಡಿ, ಮೇಲಿನವರ ಒಪ್ಪಿಗೆ ಪಡೆದು ನಾಶ ಮಾಡಬಹುದು. ಅದಕ್ಕೂ ಒಂದು ರಿಜಿಸ್ಟರ್ ಬೇಕು. ನಮ್ಮಲ್ಲಿ ಆ ಕೆಲಸವನ್ನು ಗೆದ್ದಲು ಮಾಡುತ್ತದೆ. ಅದು ರಿಜಿಸ್ಟರ್ ಬರೆಯುವುದಿಲ್ಲ, ರಿಜಿಸ್ಟರನ್ನೇ ತಿನ್ನುತ್ತದೆ.

ಫೋನಿನ ಕಥೆ ಇದಕ್ಕಿಂತ ದೊಡ್ಡದು. ನಮ್ಮ ಅವಧಿಯಲ್ಲಿ ಅಧ್ಯಕ್ಷರು, ಸದಸ್ಯರು, ಪಿಡಿಒ, ಬಿಲ್ ಕಲೆಕ್ಟರ್, ವಾಟರ್‌ಮನ್ ಎಲ್ಲ ಸೇರಿ ಒಂದು ವಾಟ್ಸಾಪ್ ಗ್ರೂಪ್ ಇತ್ತು. ಬೋರ್‌ವೆಲ್ ಮೋಟಾರ್ ಸುಟ್ಟರೆ ಅಲ್ಲೇ ಫೋಟೋ. ಅಲ್ಲೇ ಇಬ್ಬರು ಹೆಬ್ಬೆಟ್ಟು ಎತ್ತಿದರೆ ರಿವೈಂಡಿಂಗ್‌ಗೆ ಒಪ್ಪಿಗೆ. ಮುಂದಿನ ಸಭೆಯಲ್ಲಿ 'ಘಟನೋತ್ತರ ಅನುಮೋದನೆ' ಅಂತ ಒಂದು ಸಾಲು. ಯಾರು ಬೇಡ ಅಂದರು, ಯಾವ ಅಂಗಡಿಯವನು ಕಡಿಮೆಗೆ ಒಪ್ಪಿದ್ದ, ಅವನನ್ನು ಯಾಕೆ ಬಿಟ್ಟೆವು, ಇದೆಲ್ಲ ಇದ್ದದ್ದು ಫೋನಿನಲ್ಲಿ ಮಾತ್ರ. ಅವಧಿ ಮುಗಿದ ದಿನ ಒಬ್ಬೊಬ್ಬರೇ ಗ್ರೂಪಿನಿಂದ ಎದ್ದು ಹೋದರು. ನನ್ನ ಆ ಫೋನು ಗದ್ದೆ ಕೆಸರಿಗೆ ಬಿದ್ದು ಸತ್ತಿತು. ಕಾಯ್ದೆಯಲ್ಲಿ 'ಮಾಹಿತಿ' ಅಂದರೆ ಕಾಗದ ಮಾತ್ರ ಅಲ್ಲ, ಇ-ಮೇಲೂ ಸೇರುತ್ತದೆ, ಕಂಪ್ಯೂಟರಿನಲ್ಲಿ ಇರುವುದೂ ಸೇರುತ್ತದೆ. ಗ್ರೂಪಿನಲ್ಲಿ ಒಪ್ಪಿದ್ದನ್ನು ಅವತ್ತೇ ಎರಡು ಸಾಲು ಬರೆದು, ತಾರೀಖು ಹಾಕಿ ಕಡತಕ್ಕೆ ಸೇರಿಸಲು ಐದು ನಿಮಿಷ ಸಾಕು. ಐದು ವರ್ಷದಲ್ಲಿ ನಾವು ಒಂದು ಸಲವೂ ಮಾಡಲಿಲ್ಲ.

1881ರಲ್ಲಿ ರಂಗಾಚಾರ್ಲು ದಿವಾನರಾಗಿದ್ದಾಗ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಆ ಸಭೆಯ ನಡವಳಿಗಳು ಅಚ್ಚಾಗಿ ಇವತ್ತಿಗೂ ಓದಲು ಸಿಗುತ್ತವೆ. ಮುತ್ತಾತನ ಕಾಲದ ರೈತ ಏನು ಕೇಳಿದ ಅಂತ ಗೊತ್ತಾಗುತ್ತದೆ. ನಾನು 2018ರಲ್ಲಿ ಏನು ಒಪ್ಪಿದೆ ಅಂತ ಗೊತ್ತಾಗಬೇಕಾದರೆ ಸುಣ್ಣ ಬಳಿಯುವವರು ಬರಬೇಕು.

ಆರ್‌ಟಿಐ ಹಾಕೋರೆಲ್ಲ ವಸೂಲಿಗಿಳಿದವರು ಅನ್ನುವವರಿದ್ದಾರೆ. ಅಂಥವರನ್ನು ನಾನೂ ನೋಡಿದ್ದೇನೆ, ಅರ್ಜಿ ಹಾಕಿ ಸಂಜೆ ಫೋನ್ ಮಾಡ್ತಾರೆ. ಆದರೆ ಅಂಥವನಿಗೆ ಬಂಡವಾಳ ಒದಗಿಸುವುದೇ ಕಾಣೆಯಾದ ಕಡತ. ಕೇಳಿದ ತಕ್ಷಣ ಪುಟಕ್ಕೆ 2 ರೂಪಾಯಿ ತಗೊಂಡು ಜೆರಾಕ್ಸ್ ಕೊಟ್ಟರೆ ಅವನು ಸಂಜೆ ಫೋನ್ ಮಾಡಿ ಏನು ಮಾತಾಡುತ್ತಾನೆ?

ಅಟ್ಟದಲ್ಲಿ ಸಿಕ್ಕ ಮಾರನೆಯ ದಿನವೇ ಕಡತ ತಗೊಂಡು ಪಂಚಾಯ್ತಿಗೆ ಹೋದೆ. ಪಿಡಿಒ ಮೇಡಂ ಬೈಯಲಿಲ್ಲ, ಅದೇ ಕಷ್ಟ ಆಯಿತು. ಪುಟ ಎಣಿಸಿದರು, 41. ಸ್ವೀಕೃತಿ ಕೇಳಿದೆ, ಬರೆದು ಸೀಲು ಹಾಕಿ ಕೊಟ್ಟರು. ಅಲ್ಲಿಂದ ನೇರ ಮೇಷ್ಟ್ರ ಮನೆಗೆ ಹೋಗಿ ವಿಷಯ ಒಪ್ಪಿಕೊಂಡೆ. ಅವರು ಮಜ್ಜಿಗೆ ಕೊಟ್ಟರು. ಕುಡಿದು ಮುಗಿಸುವ ತನಕ ಸುಮ್ಮನಿದ್ದು, "ಬ್ಯಾಗಿನಲ್ಲಿ ಇನ್ನೇನಾದರೂ ಇತ್ತೇನಪ್ಪಾ? ಬೀದಿ ದೀಪದ ಫೈಲೂ ಸಿಕ್ತಿಲ್ಲವಂತೆ" ಅಂದರು.

ಬೀದಿ ದೀಪ ನನ್ನದಲ್ಲ. ಅವತ್ತಿನ ಸದಸ್ಯರೆಲ್ಲ ಇಲ್ಲೇ ಫೇಸ್‌ಬುಕ್ಕಿನಲ್ಲಿ ಇದ್ದೀರಿ. ಒಂದು ಸಲ ಅಟ್ಟ ಹತ್ತಿ ನೋಡಿ ಬನ್ನಿ.