ಮೊದಲ ಬ್ಯಾಚ್ ಕೊಳ್ಳಲ್ಲ, ಆದರೆ ಕಾಯುತ್ತೇನೆ
ಸಣ್ಣ ಕಂಪನಿಯೊಂದು ಅಂಗೈಯಗಲದ 9 ಎಂಎಂ ಪಿಸ್ತೂಲು ತರುತ್ತಿದೆ ಅಂತ ಓದಿ ನಿಜಕ್ಕೂ ಖುಷಿಯಾಯಿತು. ಚಿತ್ರದಲ್ಲಿ ಹಿಡಿಕೆಯ ಓರೆ ನೋಡಿದರೆ ಯಾರೋ ಮನಸ್ಸಿಟ್ಟು ಮಾಡಿದ್ದಾರೆ ಅನಿಸುತ್ತದೆ. ಆದರೆ ಪಿಸ್ತೂಲು ಚಿಕ್ಕದಾದಷ್ಟೂ ಕೆಲಸ ಕಷ್ಟ. ಗುಂಡು ಹಾರಿದಾಗಲೆಲ್ಲ ಹಿಂದೆ ಸರಿದು ಮುಂದೆ ಬರುವ ಮೇಲ್ಭಾಗ, ಅಂದರೆ ಸ್ಲೈಡ್, ಹಗುರ; ಅದು ಹಿಂದೆ ಸರಿಯುವ ದೂರವೂ ಕಡಿಮೆ. ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಒಳಗಿನ ಸ್ಪ್ರಿಂಗ್ ಮುಂದಿನ ಗುಂಡನ್ನು ಮೇಲೆತ್ತಲು ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ. ಗುಂಡು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ರೆಮಿಂಗ್ಟನ್‌ನಂಥ ಹಳೇ ಕಂಪನಿಯೇ 2014ರಲ್ಲಿ ಆರ್51 ಅನ್ನುವ ಚಿಕ್ಕ ಪಿಸ್ತೂಲು ಬಿಡುಗಡೆ ಮಾಡಿ ಅದೇ ವರ್ಷ ವಾಪಸ್ ಕರೆಸಿಕೊಳ್ಳಬೇಕಾಯಿತು! ಈ ಸಣ್ಣ ಕಂಪನಿಯವರು ಸಾವಿರಾರು ಸುತ್ತು ಹಾರಿಸಿ, ಎಷ್ಟು ಸಲ ತಡೆಯಿತು ಅನ್ನುವುದನ್ನೂ ಮುಚ್ಚಿಡದೆ ಹೇಳಲಿ. ಬಿಡಿ ಮ್ಯಾಗಜೀನು, ಸ್ಪ್ರಿಂಗು ಐದು ವರ್ಷದ ನಂತರವೂ ಸಿಗಬೇಕು. ಅಷ್ಟು ಖಾತ್ರಿಯಾದರೆ ಎರಡನೇ ಬ್ಯಾಚಿನಲ್ಲಿ ಒಂದು ನನಗಿರಲಿ.