ರೆಡ್ ಅಲರ್ಟಿಗೆ 25 ಪರ್ಸೆಂಟ್ ಡಿಸ್ಕೌಂಟ್

ಶಾಲೆಗೆ ರಜೆ, ಕರೆಂಟಿಲ್ಲ, ರಸ್ತೆಗೆ ಅಡ್ಡ ಮರ. ಆಗಲೇ ಫೋನು ಟಿಣ್ ಅನ್ನುತ್ತದೆ: 'ಕೊಡಗಿನ ಮಳೆಯಲ್ಲಿ ಮೀಯೋಣ ಬನ್ನಿ, 25 ಪರ್ಸೆಂಟ್ ಡಿಸ್ಕೌಂಟ್!' ಹೋಂಸ್ಟೇ ಮಾಲೀಕರು ಮೇಣದಬತ್ತಿ ಹುಡುಕುತ್ತಿದ್ದರೂ ತಾನಾಗಿಯೇ ಮೆಸೇಜು ಕಳಿಸುವ ವರ್ಕ್‌ಫ್ಲೋ ಮಾತ್ರ ದುಡಿಯುತ್ತಲೇ ಇರುತ್ತದೆ. ಇಷ್ಟು ನಿಷ್ಠೆ ಎಸ್ಟೇಟಿನ ರೈಟರಿಗೂ ಇರಲಿಲ್ಲ.

ಅದರ ಮರ್ಯಾದೆಯನ್ನೂ ಮೆಚ್ಚಬೇಕು, ಹೆಸರು ಹಿಡಿದೇ ಮಾತಾಡಿಸುತ್ತದೆ. ಕೊಡವರು ಮನೆತನದ ಹೆಸರು ಮೊದಲು ಬರೆಯುತ್ತಾರೆ, ಸ್ವಂತ ಹೆಸರು ಆಮೇಲೆ. ಕೋಡ್ ಬರೆದ ಪುಣ್ಯಾತ್ಮ ಮೊದಲ ಸ್ಪೇಸಿಗೇ ಕತ್ತರಿ ಹಾಕಿ, ಸಿಕ್ಕ ತುಂಡನ್ನು ಫಸ್ಟ್‌ನೇಮ್ ಕಾಲಮ್ಮಿಗೆ ತಳ್ಳಿದ್ದಾನೆ. ಅಜ್ಜ, ಮಗ, ಮೊಮ್ಮಗಳು, ಇಡೀ ಐನ್‌ಮನೆಗೆ (ಕೊಡವರ ಮೂಲಮನೆ) ಒಂದೇ 'ಹಾಯ್'. ಕಾಲಮ್ ಖಾಲಿಯಿದ್ದವರಿಗೆ 'ಪ್ರಿಯ ಅವರೇ'. ಡಿಫಾಲ್ಟ್ ವ್ಯಾಲ್ಯೂ ಖಾನೆಯಲ್ಲಿ 'ಅತಿಥಿಗಳೇ' ಎಂದು ಟೈಪಿಸಿದ್ದರೆ ಬೆರಳು ಸವೆಯುತ್ತಿತ್ತೇ?

ಅದೇ ಮೆಸೇಜು ನಾಲ್ಕು ಸಲ ಯಾಕೆ ಅಂತೀರಾ? ಬುಕಿಂಗ್ ಆದೊಡನೆ ಬುಕಿಂಗ್ ಸೈಟಿನಿಂದ ವೆಬ್‌ಹುಕ್, ಅಂದರೆ 'ಬುಕಿಂಗ್ ಆಯಿತು' ಎಂಬ ಸುದ್ದಿ, ಕೋಡಿಗೆ ಬರುತ್ತದೆ. ಕೋಡ್ ಮೊದಲು ವಾಟ್ಸಾಪ್ ಕಳಿಸಿ, ಆಮೇಲೆ ರೂಮು ಖಾಲಿಯಿದೆಯೇ ಎಂದು ಹೋಂಸ್ಟೇಯ ಕಂಪ್ಯೂಟರನ್ನು ಕೇಳುತ್ತದೆ. ಅಲ್ಲಿ ಯುಪಿಎಸ್ ಸತ್ತು ಗಂಟೆಯಾಗಿದೆ, ಕೋಡ್ ಕಾಯುತ್ತಲೇ ಇದೆ. '200 ಓಕೆ', ಅಂದರೆ 'ಸುದ್ದಿ ಮುಟ್ಟಿತು' ಎಂಬ ಉತ್ತರ, ಬಾರದಿದ್ದರೆ ಬುಕಿಂಗ್ ಸೈಟಿನವರು ತಲುಪಿಲ್ಲವೆಂದುಕೊಂಡು ಮತ್ತೆ ಕಳಿಸುತ್ತಾರೆ. ಪ್ರತಿ ರಿಟ್ರೈಗೂ ಒಂದು ಹೊಸ ವಾಟ್ಸಾಪ್. ಮಾಡಬೇಕಾದದ್ದು ಇಷ್ಟೇ: ಬಂದೊಡನೆ ಆ ಸುದ್ದಿಯ ಗುರುತಿನ ಸಂಖ್ಯೆ (ಈವೆಂಟ್ ಐಡಿ) ಬರೆದಿಟ್ಟು, ಕೆಲಸವನ್ನು ಆಮೇಲೆ ಮಾಡಲು ಕ್ಯೂಗೆ ಹಾಕಿ, 200 ಎಂದುಬಿಡಿ. ಅದೇ ಐಡಿ ಮತ್ತೆ ಬಂದರೆ ಬಿಸಾಡಿ. ಹಬ್‌ಸ್ಪಾಟ್ ಎಂಬ ಮಾರ್ಕೆಟಿಂಗ್ ಸಾಫ್ಟ್‌ವೇರಿನ ವರ್ಕ್‌ಫ್ಲೋದಲ್ಲಿ ನಾವೇ ಬರೆದ ಕೋಡಿಗೆ ಸಿಗುವುದೇ 20 ಸೆಕೆಂಡು, 128 ಎಂಬಿ ಮೆಮೊರಿ. ಅಷ್ಟರೊಳಗೆ ಮಳೆಗಾಲದ ಭಾಗಮಂಡಲದಿಂದ ಉತ್ತರ ಬರಲೆಂದು ಕಾಯುವುದಕ್ಕೆ ಭಕ್ತಿ ಬೇಕು.

ಭಕ್ತಿ ಅಂದಾಗ ನೆನಪಾಯಿತು, ತೀರ್ಥೋದ್ಭವದ ಶುಭಾಶಯ. ಪ್ರತಿ ವರ್ಷ ಅಕ್ಟೋಬರ್ 17, ಬೆಳಗ್ಗೆ 9 ಎಂದು ಒಮ್ಮೆ ಕೂರಿಸಿಬಿಟ್ಟರೆ ಮುಗಿಯಿತು. ತೀರ್ಥ ಉಕ್ಕುವ ತುಲಾ ಸಂಕ್ರಮಣದ ಗಳಿಗೆ ವರ್ಷವರ್ಷವೂ ಬೇರೆ, ಕೆಲವೊಮ್ಮೆ ನಡುರಾತ್ರಿ. ಅದನ್ನು ಶೆಡ್ಯೂಲರಿಗೆ ಹೇಳುವವರ್ಯಾರು? ಸಾಲದ್ದಕ್ಕೆ ಸರ್ವರಿನ ಗಡಿಯಾರ ಭಾರತದ ಸಮಯದ ಬದಲು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಕೂತಿದ್ದರೆ ಐದೂವರೆ ಗಂಟೆ ತಡ. ಶುಭಾಶಯ ಬರುವಾಗ ಮಧ್ಯಾಹ್ನ 2:30. ಕಾವೇರಮ್ಮ ಕಾಯುವುದಿಲ್ಲ, ಪಾಪ.

ಆದರೆ ಮಳೆಯ ಆಮಂತ್ರಣಕ್ಕೆ ನಗು ಬರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ, ತೋಟ ಕಳೆದುಕೊಂಡವರ ಊರಿದು. ಅವರ ಫೋನಿಗೂ 'ಮಳೆಯಲ್ಲಿ ಮೀಯೋಣ' ಹೋಗುತ್ತದೆ. ಕಳಿಸುವ ಹೆಜ್ಜೆಗೆ ಮುಂಚೆ ಒಂದು 'ಇಫ್' ಹಾಕಿ: ಕೊಡಗಿಗೆ ರೆಡ್ ಅಥವಾ ಆರೆಂಜ್ ಅಲರ್ಟ್ ಇದ್ದರೆ ನಿಲ್ಲಿಸು. ಹವಾಮಾನ ಇಲಾಖೆಯ ಮಾಹಿತಿಯನ್ನು ಕೋಡಿನಲ್ಲಿ ಓದಿಸಲು ಬಾರದಿದ್ದರೆ ಗೂಗಲ್ ಶೀಟಿನ ಒಂದು ಸೆಲ್ಲಿನಲ್ಲಿ ಬೆಳಗ್ಗೆ ಎದ್ದು 'ರೆಡ್' ಎಂದು ಬರೆಯಿರಿ, ಕೋಡ್ ಅದನ್ನೇ ಓದಲಿ. ಶೀಟು ತೆರೆಯದಿದ್ದರೆ? ಕಳಿಸಬೇಡಿ, ಅಷ್ಟೇ. ಬುಕಿಂಗ್ ಅರ್ಧಕ್ಕೆ ಬಿಟ್ಟು ಹೋದವರ ಬೆನ್ನು ಹತ್ತಲು ಏಳು ಬ್ರಾಂಚು ಮಾಡುವಾಗ ಪುರುಸೊತ್ತು ಇತ್ತಲ್ಲ ಸ್ವಾಮಿ?